ಕಿರಿಯ ಮಗಳ ಬಳುವಳಿ

ಕಡೂರಿನಿಂದ ಬೆಳಗಿನ ಜಾವ ಹೊರಟ ಬಸ್ಸು ತೆಂಗಿನ ತೋಟಗಳನ್ನೂ ರಾಗಿಯ ಹೊಲಗಳನ್ನೂ ಹಿಂದಿಕ್ಕಿ ಸಖರಾಯಪಟ್ಟಣವನ್ನು ಸಮೀಪಿಸುತ್ತಿರುವಾಗ, ನಿದ್ದೆಗಣ್ಣಿನ ಪ್ರಯಾಣಿಕನು ಬಲಗಡೆಯ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದರೆ ಸಾಕು, ನಿದ್ದೆ ತಾನಾಗಿ ಹಾರಿಹೋಗುತ್ತದೆ. ಬಯಲಿನ ಅಂಚಿನಲ್ಲಿ ಮೊದಲು ಮೋಡದ ಸಾಲೆಂದು ತೋರಿದ್ದು ಕ್ರಮೇಣ ಗಟ್ಟಿಯಾಗಿ, ನೀಲಿಯಾಗಿ, ಕೊನೆಗೆ ಹಸುರಾಗಿ ನಿಲ್ಲುತ್ತದೆ. ಚಂದ್ರದ್ರೋಣ ಪರ್ವತವು ಹೀಗೆ ಪರಿಚಯವಾಗುವುದು. ಅಲ್ಲಿಂದ ಮುಂದೆ ಬಸ್ಸು ಎಷ್ಟು ತಿರುವುಗಳನ್ನು ತೆಗೆದುಕೊಂಡರೂ ಬೆಟ್ಟ ಬಲಗಡೆಯನ್ನು ಬಿಟ್ಟು ಕದಲುವುದಿಲ್ಲ. ಗಾಳಿಯಲ್ಲಿ ಸಣ್ಣದೊಂದು ಚಳಿ ಸೇರಿಕೊಳ್ಳುತ್ತದೆ; ಎದುರು ಸೀಟಿನ ಮುದುಕಿ ಸೆರಗನ್ನು ಕಿವಿಯ ಮೇಲೆಳೆದುಕೊಳ್ಳುತ್ತಾಳೆ. ನಿರ್ವಾಹಕನು ಚಿಕ್ಕಮಗಳೂರು ಬಂತೆಂದು ಕೂಗುವ ಹೊತ್ತಿಗೆ ಅದು ಎಲ್ಲರಿಗೂ ಮೈಯಿಂದಲೇ ಗೊತ್ತಾಗಿರುತ್ತದೆ.

ಸಖರಾಯಪಟ್ಟಣದ ಹೆಸರು ಬಂದದ್ದರಿಂದ ಊರಿನ ಕಥೆಯನ್ನು ಇಲ್ಲಿಯೇ ಹೇಳಿಬಿಡಬಹುದು. ಅಲ್ಲಿ ಆಳುತ್ತಿದ್ದ ರುಕ್ಮಾಂಗದರಾಯನೆಂಬ ದೊರೆಗೆ ಇಬ್ಬರು ಹೆಣ್ಣುಮಕ್ಕಳು. ಮದುವೆಯ ಕಾಲದಲ್ಲಿ ಹಿರಿಯ ಮಗಳಿಗೆ ಒಂದು ಊರನ್ನೂ ಕಿರಿಯ ಮಗಳಿಗೆ ಇನ್ನೊಂದು ಊರನ್ನೂ ಬಳುವಳಿಯಾಗಿ ಕೊಟ್ಟನಂತೆ. ಮೊದಲನೆಯದು ಹಿರೇಮಗಳೂರು, ಎರಡನೆಯದು ಚಿಕ್ಕಮಗಳೂರು. ಇತಿಹಾಸ ಇದಕ್ಕೆ ಸಾಕ್ಷಿ ಹೇಳುತ್ತದೋ ಇಲ್ಲವೋ, ಲೋಕರೂಢಿಯಂತೂ ಹೀಗೆ. ವಿಚಿತ್ರವೆಂದರೆ, ಕಾಲಾಂತರದಲ್ಲಿ ಕಿರಿಯಳ ಊರು ಬೆಳೆದು ನಗರವಾಯಿತು. ಹಿರಿಯಳ ಊರು ಅದರ ಒಂದು ಬಡಾವಣೆಯಂತೆ ಪಕ್ಕದಲ್ಲಿ ಉಳಿಯಿತು. ಕಡೂರಿಗೂ ಇದೇ ಗತಿ. 1860ರ ದಶಕದಲ್ಲಿ ಜಿಲ್ಲೆಯ ಕಚೇರಿಗಳು ಕಡೂರಿನಿಂದ ಇಲ್ಲಿಗೆ ಬಂದವು. ಆದರೂ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂಬ ಹೆಸರೇ ನಡೆಯಿತು.

ಬಳುವಳಿಯೆಂದರೆ ತವರಿನವರು ಕೊಟ್ಟದ್ದು. ಹೆಣ್ಣು ತಾನು ದುಡಿದು ಗಳಿಸಿದ್ದಲ್ಲ. ಚಿಕ್ಕಮಗಳೂರಿನ ಬಾಳಿನಲ್ಲಿ ಯಾವುದು ಸುಖವೆನಿಸಿಕೊಂಡಿದೆಯೋ ಅದರ ಬಹುಪಾಲು ಹೀಗೆ ಬಂದದ್ದೇ ಸರಿ. ಕೊಟ್ಟ ತವರು ಮಾತ್ರ ರುಕ್ಮಾಂಗದನ ಅರಮನೆಗಿಂತ ಪುರಾತನವಾದದ್ದು. ಊರಿನ ಉತ್ತರಕ್ಕೆ ಅರ್ಧಚಂದ್ರಾಕೃತಿಯಲ್ಲಿ ಬಾಗಿ ನಿಂತಿದೆ.

ಊರು ಸಮುದ್ರಮಟ್ಟದಿಂದ ಸುಮಾರು 3,500 ಅಡಿಗಳ ಎತ್ತರದಲ್ಲಿದೆ. ಅದರ ನೆತ್ತಿಯ ಮೇಲಿರುವ ಮುಳ್ಳಯ್ಯನಗಿರಿ 6,300 ಅಡಿಗಳನ್ನು ಮೀರಿದ, ಕರ್ನಾಟಕದಲ್ಲೇ ಅತ್ಯುನ್ನತವಾದ ಶಿಖರ. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 1 ಲಕ್ಷ 18 ಸಾವಿರ. ಇವು ಅಂಕಿಗಳಾಯಿತು. ಅಂಕಿಗೆ ಸಿಕ್ಕದ ಸಂಗತಿಯೊಂದುಂಟು: ಈ ಊರು ಎರಡು ಸೀಮೆಗಳ ಹೊಸ್ತಿಲ ಮೇಲೆ ಕುಳಿತಿದೆ. ಮೂಡಲಿಗೆ ಒಂದು ಗಂಟೆ ಪ್ರಯಾಣ ಮಾಡಿದರೆ ಮಳೆಗಾಗಿ ಆಕಾಶ ನೋಡುವ ಬಯಲುಸೀಮೆ; ಪಡುವಲಿಗೆ ಅಷ್ಟೇ ದೂರ ಹೋದರೆ, ಮಳೆ ನಿಂತರೆ ಸಾಕಪ್ಪಾ ಎನ್ನುವ ಮಲೆನಾಡು. ಶೃಂಗೇರಿ, ಕೊಪ್ಪಗಳ ಬಿರುಮಳೆಯಲ್ಲಿ ಗೋಡೆಗಳು ಹಾವಸೆ ಕಟ್ಟುವ ದಿನಗಳಲ್ಲಿ ಇಲ್ಲಿ ಜಿಟಿಜಿಟಿ ತುಂತುರು. ಕಡೂರಿನ ನೆಲ ಬಾಯಿಬಿಡುವ ದಿನಗಳಲ್ಲಿ ಇಲ್ಲಿ ಸಂಜೆಗೊಂದು ತಂಗಾಳಿ. ಬೆಟ್ಟವು ಮಳೆಯ ಭಾರವನ್ನು ತಾನು ಹೊತ್ತು ಊರಿಗೆ ತಂಪನ್ನಷ್ಟೇ ದಾಟಿಸುತ್ತದೆ. ಒಂದು ಕಾಲಕ್ಕೆ ಬೀಸಣಿಗೆಯ ಯಂತ್ರವಿಲ್ಲದ ಮನೆಗಳೇ ಇಲ್ಲಿ ಹೆಚ್ಚು. ಈಗ ಏಪ್ರಿಲ್ ತಿಂಗಳಲ್ಲಿ ಆ ಮಾತನ್ನು ಯಾರೂ ಜಂಬದಿಂದ ಹೇಳಿಕೊಳ್ಳಲಾರರು.

ಇಲ್ಲಿಯ ಬೆಳಗು ಸಾವಧಾನದ್ದು. ಮಹಾತ್ಮಾಗಾಂಧಿ ರಸ್ತೆಯ ಅಂಗಡಿಗಳು ಬಾಗಿಲು ತೆರೆಯುವುದಕ್ಕೆ ಬಹಳ ಮುಂಚೆಯೇ ಹೋಟೆಲುಗಳ ಕಾವಲಿ ಕಾಯ್ದಿರುತ್ತದೆ. ಕಾಫಿಪುಡಿಯ ಅಂಗಡಿಯಲ್ಲಿ ಹುರಿಯುವ ಕೆಲಸ ಆರಂಭವಾಯಿತೆಂದರೆ ಆ ಬೀದಿಯಲ್ಲಿ ನಡೆದವರೆಲ್ಲರೂ ಒಂದೊಂದು ಲೋಟ ಕಾಫಿಯನ್ನು ಪುಕ್ಕಟೆಯಾಗಿ ಮೂಗಿನಿಂದ ಕುಡಿದಂತೆಯೇ. ಆಜಾದ್ ಪಾರ್ಕಿನ ವೃತ್ತದಿಂದ ಕಚೇರಿಗಾಗಲಿ, ಬಸ್ ನಿಲ್ದಾಣಕ್ಕಾಗಲಿ, ಸಂತೆಯ ಮೈದಾನಕ್ಕಾಗಲಿ ನಡೆದೇ ಹೋಗಬಹುದು. ಗುಮಾಸ್ತನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು, ಹತ್ತು ನಿಮಿಷ ಕಣ್ಣುಮುಚ್ಚಿ, ಮತ್ತೆ ವೇಳೆಗೆ ಸರಿಯಾಗಿ ಕಚೇರಿಯ ಕುರ್ಚಿಯಲ್ಲಿ ಕೂರಬಲ್ಲ. ಬೆಂಗಳೂರಿನಲ್ಲಿ ಇದೇ ಗುಮಾಸ್ತನ ಅಣ್ಣನೋ ತಮ್ಮನೋ ಊಟದ ಡಬ್ಬಿಯನ್ನು ಹಿಡಿದು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟಿರುತ್ತಾನೆ. ಸಂಬಳದ ಪಟ್ಟಿಯಲ್ಲಿ ಈ ಹತ್ತು ನಿಮಿಷದ ನಿದ್ದೆಗೆ ಬೆಲೆಕಟ್ಟುವ ಅಂಕಣವಿಲ್ಲದಿರುವುದು ಎಂಥ ಅನ್ಯಾಯ!

ಇನ್ನೊಂದು ಹಿರಿಯ ರಸ್ತೆಗೆ ಇಂದಿರಾಗಾಂಧಿಯವರ ಹೆಸರಿದೆ. 1978ರ ಉಪಚುನಾವಣೆಯಲ್ಲಿ ಅವರು ಈ ಕ್ಷೇತ್ರದಿಂದ ನಿಂತು ಗೆದ್ದು ಲೋಕಸಭೆಗೆ ಮರಳಿದರು. ಆ ಕೆಲವು ವಾರಗಳು ದೇಶದ ಕಣ್ಣೆಲ್ಲವೂ ಈ ಊರಿನ ಮೇಲಿತ್ತು. ಆಗ ಹುಡುಗರಾಗಿದ್ದವರು ಈಗ ಅಜ್ಜಂದಿರು. ಆ ಸಭೆಗಳ ವರ್ಣನೆಯನ್ನು ಅವರ ಬಾಯಿಂದ ಕೇಳುವುದಕ್ಕೆ ಅರ್ಧ ದಿನದ ಬಿಡುವು ಬೇಕು. ಇರಲಿ.

ಊರನ್ನು ಅರಿಯಬೇಕೆಂಬುವನು ಬುಧವಾರ ಬರಬೇಕು. ಬುಧವಾರ ಸಂತೆಯ ದಿನ. ಮೂಡಲ ಸೀಮೆಯವರು ರಾಗಿ, ಈರುಳ್ಳಿ, ತೆಂಗಿನಕಾಯಿ, ಒಣಮೆಣಸಿನಕಾಯಿಗಳನ್ನು ತರುತ್ತಾರೆ. ಮಲೆಯ ಕಡೆಯವರು ಕರಿಮೆಣಸು, ಏಲಕ್ಕಿ, ಬಾಳೆಗೊನೆ, ಬೆಣ್ಣೆಹಣ್ಣುಗಳನ್ನು ಇಳಿಸುತ್ತಾರೆ. ಮಳೆಗಾಲದ ಸಂತೆಗೆ ಕಳಲೆ ಬರುತ್ತದೆ, ಅಣಬೆ ಬರುತ್ತದೆ. ಹೆಂಗಸರು ಅಣಬೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಮಾರುವವಳ ಮುಖವನ್ನೂ ಒಮ್ಮೆ ಪರೀಕ್ಷಿಸಿ ಕೊಳ್ಳುತ್ತಾರೆ. ಹಿಂದೆ ಕಂಬಳಿಕೊಪ್ಪೆ ಹಾಕಿದವರು, ಗೊರಬು ಹೊತ್ತವರು ಸಂತೆಗೆ ಬರುತ್ತಿದ್ದರು. ಈಗ ಅವರ ಮೊಮ್ಮಕ್ಕಳು ಬಣ್ಣಬಣ್ಣದ ಪ್ಲಾಸ್ಟಿಕ್ ಅಂಗಿ ತೊಟ್ಟು ಬರುತ್ತಾರೆ. ತೋಟಗಳ ಲೈನ್ ಮನೆಗಳಿಂದ ಬರುವ ಕೂಲಿಯವರ ಮಾತಿನಲ್ಲಿ ಹಿಂದೆ ತುಳು, ತಮಿಳುಗಳು ಕೇಳುತ್ತಿದ್ದವು. ಕಳೆದ ಕೆಲವು ವರ್ಷಗಳಿಂದ ಅಸ್ಸಾಮಿನ ಮಾತೂ ಸೇರಿಕೊಂಡಿದೆ. ಒಣಮೀನಿನ ವ್ಯಾಪಾರಿ ಹತ್ತು ಪದಗಳ ಹಿಂದಿಯನ್ನು ಕಲಿತು ಅದರಲ್ಲೇ ಚೌಕಾಸಿಯ ಸಕಲ ಕಲೆಗಳನ್ನೂ ಮೆರೆಯುತ್ತಾನೆ.

ಸಂತೆಯ ಗಲಾಟೆಯಲ್ಲಿ ಕಣ್ಣಿಗೆ ಬೀಳದ ಇನ್ನೊಂದು ವ್ಯಾಪಾರವೂ ನಡೆಯುತ್ತದೆ. ಬಯಲಿನವನು ಮಲೆನಾಡಿನವನನ್ನು ಮಳೆ ಎಷ್ಟಾಯಿತೆಂದು ಕೇಳುತ್ತಾನೆ. ಮಲೆನಾಡಿನವನು ಬೆಟ್ಟದ ಕಡೆ ಕೈ ತೋರಿಸಿ ಉತ್ತರ ಹೇಳುತ್ತಾನೆ. ಆ ಉತ್ತರವನ್ನು ಕೇಳಿದವನು ಮನೆಗೆ ಹೋಗಿ ತನ್ನೂರಿನ ಕೆರೆ ಈ ಸಲ ತುಂಬುವುದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾನೆ. ವೇದಾ ಮತ್ತು ಆವತಿ ಎಂಬ ಹೊಳೆಗಳು ಈ ಬೆಟ್ಟದ ಮೂಡಲ ಮೈಯಲ್ಲಿ ಹುಟ್ಟಿ, ಬಯಲಿಗಿಳಿದು, ಕೂಡಿ ವೇದಾವತಿಯಾಗಿ ಹರಿಯುತ್ತವೆ. ಸಖರಾಯಪಟ್ಟಣದ ಬಳಿಯ ವಿಶಾಲವಾದ ಅಯ್ಯನಕೆರೆಗೂ ಬೆಟ್ಟದ ನೀರೇ ಆಧಾರ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಆ ಕೆರೆಯನ್ನು ಜೀರ್ಣೋದ್ಧಾರ ಮಾಡಿದರೆಂದು ಹೇಳುತ್ತಾರೆ; ಅಂದಮೇಲೆ ಕೆರೆ ಅದಕ್ಕಿಂತ ಹಳೆಯದು.

ಕಾಫಿಯ ಮಾತಿಲ್ಲದೆ ಈ ಊರಿನ ಮಾತು ಪೂರೈಸದು. ಬಾಬಾಬುಡನ್ ಎಂಬ ಸಂತನು ಹದಿನೇಳನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದನೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಗಿರಿಯ ಮೇಲಿನ ಗುಹೆ ದತ್ತಾತ್ರೇಯನಿಗೆ ನಡೆದುಕೊಳ್ಳುವವರಿಗೂ ಬಾಬಾನಿಗೆ ನಡೆದುಕೊಳ್ಳುವವರಿಗೂ ಪವಿತ್ರ. ಈಚಿನ ದಶಕಗಳಲ್ಲಿ ಅದು ವ್ಯಾಜ್ಯದ ವಸ್ತುವಾಗಿ, ಡಿಸೆಂಬರಿನ ದತ್ತಜಯಂತಿಯ ದಿನಗಳಲ್ಲಿ ಊರಿನ ತುಂಬ ಪೊಲೀಸರು ನಿಲ್ಲುವಂತಾಗಿರುವುದು ಹಳಬರಿಗೆ ಸಂಕಟದ ವಿಷಯ.

ಆ ಏಳು ಬೀಜಗಳ ಸಂತಾನವೇ ಇಂದು ಊರಿನ ಜೇಬನ್ನು ತುಂಬಿಸುವುದು, ಬರಿದುಮಾಡುವುದು. ಮಾರ್ಚ್ ಏಪ್ರಿಲ್‌ಗಳಲ್ಲಿ ಬೀಳುವ ಹೂಮಳೆಗಾಗಿ ಬೆಳೆಗಾರನು ಕಾಯುವಂತೆ ಬಳೆಯಂಗಡಿಯವನೂ ಕಾಯುತ್ತಾನೆ. ಮಳೆ ಬಿದ್ದ ಒಂದೆರಡು ವಾರಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ಹೋಲುವ ಪರಿಮಳ ಗಾಳಿ ತಿರುಗಿದಾಗ ಊರಿನ ಅಂಚಿನ ಮನೆಗಳವರೆಗೂ ಬರುತ್ತದೆ. ಹೂವು ಕಟ್ಟಿದರೆ ಕಾಯಿ. ಕಾಯಿಗೆ ಬೆಲೆ ಬಂದರೆ ಮದುವೆ, ಚಿನ್ನ, ಗೃಹಪ್ರವೇಶ. ಹಿಂದೆ ಬೆಳೆದುದನ್ನೆಲ್ಲ ಕಾಫಿ ಮಂಡಲಿಗೆ ಒಪ್ಪಿಸಿ ಅದು ಕಂತುಕಂತಾಗಿ ಕೊಟ್ಟ ಹಣವನ್ನು ಪಡೆಯುವ ಪದ್ಧತಿಯಿತ್ತು. 1990ರ ದಶಕದ ಮಧ್ಯಭಾಗದ ವೇಳೆಗೆ ಮಾರುಕಟ್ಟೆ ಮುಕ್ತವಾಯಿತು. ಅಂದಿನಿಂದ ಬ್ರೆಜಿಲಿನಲ್ಲಿ ಹಿಮ ಬಿದ್ದರೆ ಬಸವನಹಳ್ಳಿಯ ಬೀದಿಯಲ್ಲಿ ಸುದ್ದಿ. 2024, 2025ರಲ್ಲಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಊರಿನ ಮುಖದಲ್ಲಿ ಕಳೆಯೇರಿತು. ಆದರೆ ಮಳೆಯ ಹದ ತಪ್ಪಿದ್ದರಿಂದ ಮಾರಲು ಬೀಜವೇ ಇಲ್ಲದೆ ಆ ಬೆಲೆಯನ್ನು ಪತ್ರಿಕೆಯಲ್ಲಿ ಓದಿಯೇ ತೃಪ್ತಿಪಟ್ಟವರೂ ಉಂಟು. ಊರಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಸಾಲಾಗಿ ಕುಳಿತು ಬೀಜ ಆರಿಸುತ್ತಿದ್ದ ಹೆಂಗಸರ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳು ಕಿತ್ತುಕೊಂಡಿವೆ. ಅವರ ಪಾಲಿಗೆ ಕಾಫಿಯ ಏರುಬೆಲೆಯಿಂದ ಬಂದ ಲಾಭವೆಂದರೆ ಲೋಟದ ಕಾಫಿ ತುಟ್ಟಿಯಾದದ್ದಷ್ಟೆ.

ಹಿರೇಮಗಳೂರಿನ ಕಡೆಗೆ ಸಂಜೆ ನಡೆದುಹೋದವನಿಗೆ ಕೋದಂಡರಾಮನ ಗುಡಿಯಲ್ಲಿ ಒಂದು ಬೆರಗು ಕಾದಿರುತ್ತದೆ. ಸೀತೆ ಇಲ್ಲಿ ರಾಮನ ಬಲಕ್ಕೆ, ಲಕ್ಷ್ಮಣ ಎಡಕ್ಕೆ. ಅದಕ್ಕಿಂತ ಮಿಗಿಲಾದದ್ದು, ಅಲ್ಲಿ ಅರ್ಚನೆ ನಡೆಯುವುದು ಕನ್ನಡದಲ್ಲಿ. ಏನು ಬೇಡುತ್ತಿದ್ದೇವೆಂಬುದು ಬೇಡುವ ಅಜ್ಜಿಗೂ ಅರ್ಥವಾಗುವ ಪೂಜೆ ಅದು. ಜೈಮಿನಿ ಭಾರತದ ಲಕ್ಷ್ಮೀಶನು ಬಾಳಿದ ದೇವನೂರು ಇದೇ ಜಿಲ್ಲೆಯದು. 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ನೆಲೆಸಿ ಬರೆದ ಮೂಡಿಗೆರೆಯೂ ಇದೇ ಜಿಲ್ಲೆಯದು. ನಾದಲೋಲನೆನಿಸಿದ ಕವಿಗೆ ಬಯಲು, ಹಕ್ಕಿ ಹುಳುಗಳ ಬೆನ್ನು ಹತ್ತಿದ ಕಥೆಗಾರನಿಗೆ ಕಾಡು. ಹೊಸ್ತಿಲಿನ ಊರು ಎರಡು ಕಡೆಯವರನ್ನೂ ನಮ್ಮವರೆನ್ನುತ್ತದೆ.

ಇಷ್ಟು ಹೇಳಿದ ಮೇಲೆ, ಇಲ್ಲದಿರುವುದನ್ನೂ ಹೇಳಬೇಕು. ರೈಲನ್ನು ಈ ಊರು ಕಂಡದ್ದು 2013ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ ಹುಟ್ಟಿ, ಬೆಳೆದು, ಮುದುಕರಾಗಿ, ತಮ್ಮೂರಿನಲ್ಲಿ ರೈಲಿನ ಶಿಳ್ಳೆ ಕೇಳದೆಯೇ ಹೋದವರು ಅದೆಷ್ಟು ಮಂದಿಯೋ! ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2023ರಲ್ಲಿ. ಎದೆನೋವು ಬಂದವರನ್ನು ಹಾಸನಕ್ಕೋ, ಚಾರ್ಮಾಡಿ ಘಟ್ಟ ಇಳಿಸಿ ಮಂಗಳೂರಿಗೋ ಹೊತ್ತೊಯ್ಯುವುದು ಇಲ್ಲಿಯ ಸಂಸಾರಗಳಿಗೆ ಬಹುಕಾಲದ ರೂಢಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಕೊಚ್ಚಿಹೋದಾಗ ಘಟ್ಟದ ದಾರಿಯೂ ಮುಚ್ಚಿತು. ಅಂಥ ರಾತ್ರಿಗಳಲ್ಲಿ ಮನೆಯಲ್ಲಿ ಹೃದ್ರೋಗಿಯಿದ್ದವರಿಗೆ ಮಳೆಯ ಸದ್ದು ಸಂಗೀತವೆನಿಸುವುದು ಸಾಧ್ಯವೇ?

ಮಕ್ಕಳ ಮಾತು ಇನ್ನೂ ಸೂಕ್ಷ್ಮವಾದದ್ದು. ವಿಜಯಪುರ, ಜಯನಗರ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇಬ್ಬರೇ ಮುದುಕರು. ಮಾಳಿಗೆಯ ಕೋಣೆಯಲ್ಲಿ ಮಗನ ಇಂಜಿನಿಯರಿಂಗ್ ಪುಸ್ತಕಗಳು, ಮಗಳ ನಾಟ್ಯದ ಗೆಜ್ಜೆ, ಮಕ್ಕಳು ಬೆಂಗಳೂರಿನಲ್ಲಿ. ಅಪ್ಪನಿಗೆ ಅಲ್ಲಿಗೆ ಹೋಗಿ ಇರಲು ಮನಸ್ಸಿಲ್ಲ. ಮೂರನೆಯ ದಿನಕ್ಕೆ ಉಸಿರು ಕಟ್ಟಿದಂತಾಗುತ್ತದೆನ್ನುತ್ತಾರೆ. ಅಮ್ಮನಿಗೆ ಮೊಮ್ಮಗುವಿನ ಸೆಳೆತ. ಊರು ಓದಿಸುತ್ತದೆ, ಆದರೆ ಓದಿದವನಿಗೆ ತಕ್ಕ ಉದ್ಯೋಗವನ್ನು ಕೊಡಲಾರದು. ಇಲ್ಲಿಯ ನೆಮ್ಮದಿಯನ್ನು ಹಾಡಿಹೊಗಳುವವರಲ್ಲಿ ಅರ್ಧಕ್ಕರ್ಧ ಮಂದಿ ನಿವೃತ್ತರೆಂಬುದನ್ನು ಮರೆಯಲಾಗದು.

ಹೀಗೆ ಹೋದ ಮಕ್ಕಳು, ಅವರ ಸ್ನೇಹಿತರು, ಸ್ನೇಹಿತರ ಸ್ನೇಹಿತರು ಶುಕ್ರವಾರ ರಾತ್ರಿ ಕಾರು ಹತ್ತುತ್ತಾರೆ. ಶನಿವಾರ ಬೆಳಿಗ್ಗೆ ಕೈಮರದ ತನಿಖಾ ಠಾಣೆಯ ಬಳಿ ಕಾರುಗಳ ಸಾಲು ಹಾವಿನಂತೆ ಮಲಗಿರುತ್ತದೆ. ಅಲ್ಲಿಂದ ಮೇಲಕ್ಕೆ ರಸ್ತೆ ಕಿರಿದು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಮುಳ್ಳಯ್ಯನ ಗದ್ದುಗೆಗೆ ಕೈಮುಗಿಯಲು ಹಿಂದೆ ಜನ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು, ಅರ್ಧ ದಾರಿಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಈಗ ನಡೆಯುವ ಶ್ರಮವಿಲ್ಲ, ಕಾಯುವ ಶ್ರಮ ಮಾತ್ರ. ವಾಹನಗಳ ಒತ್ತಡ ತಾಳಲಾರದೆ 2025ರಲ್ಲಿ ಜಿಲ್ಲಾಡಳಿತವು ಗಿರಿಗೆ ಬರುವವರು ಮುಂಚಿತವಾಗಿ ನೋಂದಾಯಿಸಿಕೊಳ್ಳಬೇಕೆಂದೂ ಹೊತ್ತಿಗಿಷ್ಟೇ ವಾಹನಗಳೆಂದೂ ಮಿತಿ ವಿಧಿಸಿತು. ನೆಂಟರು ಹೆಚ್ಚಿದಾಗ ಬಾಗಿಲಲ್ಲಿ ನಿಂತು ಎಲೆ ಎಣಿಸುವ ಗೃಹಿಣಿಯ ಪಾಡು ಅದು.

ತಪ್ಪು ನೆಂಟರದೇ ಎಂದರೆ ಸತ್ಯವಾಗದು. ಇಬ್ಬರು ಮುದುಕರಿಗೆ ದೊಡ್ಡದಾದ ತೋಟದ ಮನೆ ಪ್ರವಾಸಿಗಳ ತಂಗುಮನೆಯಾಗಿದೆ. ಕಾಫಿ ಕೈಕೊಟ್ಟ ವರ್ಷ ಆ ಮನೆಯ ಒಲೆಯನ್ನು ಉರಿಸಿದ್ದು ಆ ನೆಂಟರ ಹಣವೇ. ಊರ ಹುಡುಗ ಜೀಪು ಓಡಿಸಿ ತಂಗಿಯ ಫೀಜು ಕಟ್ಟುತ್ತಾನೆ. ಊರು ಬಿಡದೆ ಊರಿನಲ್ಲೇ ಉಳಿಯಲು ಅವನಿಗೆ ಸಿಕ್ಕ ಉದ್ಯೋಗ ಅದೊಂದೇ. ಬೆಟ್ಟವನ್ನು ತೋರಿಸಿ ಬದುಕುವುದು ಪಾಪವಲ್ಲ. ಆದರೆ ತೋರಿಸುವ ಭರದಲ್ಲಿ ಬೆಟ್ಟದ ಮೈ ಸವೆಯುತ್ತಿದೆಯೆಂಬುದನ್ನು ಜೀಪಿನ ಹುಡುಗನೇ ಎಲ್ಲರಿಗಿಂತ ಚೆನ್ನಾಗಿ ಬಲ್ಲ.

ಏಕೆಂದರೆ ಆ ಮೈ ಬರಿಯ ಹಸುರು ಹೊದಿಕೆಯಲ್ಲ. ಚಂದ್ರದ್ರೋಣದ ನೆತ್ತಿಯಲ್ಲಿ ಹುಲ್ಲುಗಾವಲು. ಕಣಿವೆಯ ಮಡಿಲುಗಳಲ್ಲಿ ಕುಳ್ಳು ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು. ಮಳೆಗಾಲದ ನಾಲ್ಕು ತಿಂಗಳು ಬಿದ್ದ ನೀರನ್ನು ಹುಲ್ಲಿನ ಬೇರು ಹಿಡಿಯುತ್ತದೆ, ಕಾಡಿನ ತರಗು ಹೀರುತ್ತದೆ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಹನಿಹನಿಯಾಗಿ ಝರಿಗಳಿಗೆ ಬಿಟ್ಟುಕೊಡುತ್ತದೆ. ಹುಲ್ಲು ತುಳಿದು ಮಣ್ಣು ಬತ್ತಲಾದಲ್ಲಿ ಅದೇ ಮಳೆ ಒಂದೇ ದಿನದಲ್ಲಿ ಕೆಮ್ಮಣ್ಣಿನ ನೀರಾಗಿ ಕೊಚ್ಚಿಹೋಗುತ್ತದೆ.

ಯಗಚಿ ನದಿ ಈ ಬೆಟ್ಟಗಳಲ್ಲಿ ಹುಟ್ಟಿ, ದಕ್ಷಿಣಕ್ಕೆ ಇಳಿದು, ಇಪ್ಪತ್ತೈದು ಕಿಲೋಮೀಟರು ದೂರದ ಬೇಲೂರನ್ನು ಸೇರುತ್ತದೆ. ಅಲ್ಲಿಯ ಜಲಾಶಯದಿಂದ ಚಿಕ್ಕಮಗಳೂರು ತನ್ನ ಕುಡಿಯುವ ನೀರನ್ನು ಯಂತ್ರದ ಬಲದಿಂದ ಮತ್ತೆ ಮೇಲಕ್ಕೆ ಎತ್ತಿಸಿಕೊಳ್ಳುತ್ತದೆ! ತವರಿನ ನೀರು ಮನೆಯ ಮುಂದೆಯೇ ಹಾದು ಹೋಗಿ, ನೆರೆಯ ಜಿಲ್ಲೆಯನ್ನು ಕಂಡು, ವಿದ್ಯುತ್ತಿನ ಬಿಲ್ಲನ್ನು ಜೊತೆಗೆ ಕರೆದುಕೊಂಡು ಮರಳಿ ಬಂದಂತಾಯಿತು. ಬೆಟ್ಟದ ಬುಡದ ಹಿರೇಕೊಳಲೆ ಕೆರೆಯೊಂದು ಮಾತ್ರ ಈಗಲೂ ಹತ್ತಿರದಿಂದಲೇ ಊರಿಗೆ ನೀರು ಕೊಡುತ್ತದೆ. ಪ್ರವಾಸಿಗಳು ಆ ಕೆರೆಯ ಏರಿಯ ಮೇಲೆ ಸೂರ್ಯಾಸ್ತದ ಚಿತ್ರ ತೆಗೆಯುತ್ತಾರೆ. ಊರವರು ಏರಿಯ ಮೇಲೆ ನಿಂತರೆ ನೋಡುವುದು ಸೂರ್ಯನನ್ನಲ್ಲ. ನೀರು ಯಾವ ಕಲ್ಲಿನವರೆಗೆ ಇಳಿದಿದೆಯೆಂಬುದನ್ನು.

ಭಾನುವಾರ ಸಂಜೆ ರತ್ನಗಿರಿ ಬೋರೆಯ ಉದ್ಯಾನದ ಬೆಂಚುಗಳ ಮೇಲೆ ಹಿರಿಯರು ಎಂದಿನಂತೆ ಕುಳಿತಿರುತ್ತಾರೆ. ಗಿರಿಯ ಕಡೆಯಿಂದ ಕಾರುಗಳ ದೀಪಗಳು ಒಂದರ ಹಿಂದೊಂದು ಇಳಿದು ಬರುವುದು ಅಲ್ಲಿಂದ ಕಾಣುತ್ತದೆ. ಯಾರೋ ಒಬ್ಬರು ಎಣಿಸಲಾರಂಭಿಸಿ ಅರವತ್ತಕ್ಕೆ ಕೈಬಿಡುತ್ತಾರೆ. ಇನ್ನೊಬ್ಬರ ಮಗನೂ ಆ ಸಾಲಿನಲ್ಲೇ ಇದ್ದಾನೆ. ಮಧ್ಯಾಹ್ನ ಮನೆಗೆ ಬಂದು ಅವಸರದಲ್ಲಿ ಎರಡು ಅಕ್ಕಿರೊಟ್ಟಿ ತಿಂದು, ಸ್ನೇಹಿತರು ಕಾಯುತ್ತಿದ್ದಾರೆಂದು ಎದ್ದುಹೋದ. ಕತ್ತಲಾಗುತ್ತಿದ್ದಂತೆ ಬೆಟ್ಟದ ರೇಖೆ ಆಕಾಶದಲ್ಲಿ ಕರಗುತ್ತದೆ, ಗಾಳಿ ತಣ್ಣಗೆ ಬೀಸತೊಡಗುತ್ತದೆ. ನಾಳೆ ಬೆಳಿಗ್ಗೆ ತಮ್ಮ ಬೀದಿಗೆ ನಲ್ಲಿಯ ಸರದಿಯೆಂಬುದನ್ನು ನೆನೆದು ಅವರು ಶಾಲನ್ನು ಸರಿಪಡಿಸಿಕೊಂಡು ಮೆಟ್ಟಿಲಿಳಿಯುತ್ತಾರೆ, ಹಂಡೆ ತೊಳೆದಿಡಬೇಕು.